ಹಗೇವಿನ ಮುಂದಿನ ರಾಕ್ಷಸ

ಕಾರ್ಡಿನ ಮೇಲೆ ಇದ್ದದ್ದು ಒಂದೇ ಸಾಲು: ‘ಬಾಯಿ ತೆರೆದಾಗ ಮುಂದಿನ ರಾಕ್ಷಸನನ್ನು ನುಂಗುತ್ತದೆ.’ ಅಫ್ರೀನ ಅದನ್ನು ಓದಿದ ಲೆಕ್ಕಕ್ಕೆ ಇಷ್ಟೊತ್ತಿಗೆ ಅದರ ಅಕ್ಷರಗಳು ಸವೆದುಹೋಗಬೇಕಿತ್ತು.

ಆಟದ ಹೆಸರು ಭೂತಬಯಲು. ಇಬ್ಬರು ಎದುರುಬದುರು ಕೂತು, ತಮ್ಮ ತಮ್ಮ ಮೂರು ಮನೆಗಳಲ್ಲಿ ರಾಕ್ಷಸರ ಕಾರ್ಡು ಇಳಿಸಬೇಕು. ಒಮ್ಮೆ ಇಳಿದ ರಾಕ್ಷಸ ಮನೆ ಬದಲಿಸುವಂತಿಲ್ಲ. ಎದುರಾಳಿಯ ಐದು ದೀಪ ಆರಿಸಿದವರು ಗೆದ್ದಂತೆ. ಈ ಹೊಸ ಕಾರ್ಡಿನ ಹೆಸರು ‘ಹಗೇವು’. ಚಿತ್ರದಲ್ಲಿ ನೆಲದೊಳಗೆ ಕಾಳು ತುಂಬಿಡುವ ಹಳೇ ಗುಂಡಿ, ಅದರ ಕತ್ತಲಲ್ಲಿ ಎರಡು ಕಣ್ಣು. ಅದಕ್ಕೆ ಹೊಡೆಯುವ ಶಕ್ತಿ ಸೊನ್ನೆ. ಬೋರಲು ಇಡಬೇಕು, ತನ್ನ ಮುಂದಿನ ಪಾಳಿಗೆ ಅದು ಬಾಯಿ ತೆರೆಯುತ್ತದೆ. ಬೋರಲಿರುವಾಗ ಅದನ್ನು ಯಾವ ರಾಕ್ಷಸನೂ ತುಳಿಯುವಂತಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿನ ಆಟಗಾರರ ವಾಟ್ಸಾಪ್ ಗುಂಪಿನಲ್ಲಿ ಈ ಕಾರ್ಡಿಗೆ ಕವಡೆ ಕಿಮ್ಮತ್ತಿರಲಿಲ್ಲ. ಇಂಡಿಯ ಕಲ್ಮೇಶ ಬರೆದಿದ್ದ: ‘ಹಗೇವು ಅಂದ್ರ ಇಂಗಳೇಶ್ವರದ ಬಸ್ ಇದ್ದಂಗ. ಅದು ಬರೂತನಾ ಜೀವ ಹೋಗಿರ್ತೈತಿ.’ ಅದರ ಕೆಳಗೆ ಸಾಲು ಸಾಲು ನಗುವ ಮುಖಗಳು.

ಅಫ್ರೀನಳಿಗೆ ನಗು ಬರಲಿಲ್ಲ. ಬಾಗೇವಾಡಿಯ ಖಾಸಗಿ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದ ಅವಳಿಗೆ ಒಂದು ಶಬ್ದ ಕಂಡರೆ ಅದರ ಹಿಂದೆ ಇನ್ನೊಂದು ಅಡಗಿದೆಯೇನೋ ಎಂಬ ಗುಮಾನಿ. ‘ಮುಂದಿನ’ ಎಂದರೆ ಎದುರಿಗಿರುವುದೂ ಹೌದು, ಇನ್ನು ಬರಬೇಕಾದದ್ದೂ ಹೌದು. ಎರಡರಲ್ಲಿ ಯಾವುದು? ಆಟದ ಕಂಪನಿಗೆ ಬರೆದು ಕೇಳಿದಳು. ‘ಕಾರ್ಡಿನಲ್ಲಿ ಬರೆದಂತೆ ಆಡತಕ್ಕದ್ದು’ ಎಂದು ಉತ್ತರ ಬಂತು. ಫೋನನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು. ಮತ್ತೊಮ್ಮೆ, ಇನ್ನೂ ಬಿಡಿಸಿ ಕೇಳಿದಳು. ಅದೇ ಉತ್ತರ, ಕೊನೆಗೊಂದು ವಂದನೆ ಹೆಚ್ಚಿಗೆ.

ಕಡೆಗೆ ಅವಳ ಅನುಮಾನ ಬಗೆಹರಿದದ್ದು ಹಿತ್ತಲಲ್ಲಿ. ಅಲ್ಲಿ ಅವರದೇ ಒಂದು ಹಗೇವು ಚಪ್ಪಡಿ ಹೊದ್ದು ಮಲಗಿತ್ತು. ಚಿಕ್ಕಂದಿನಲ್ಲಿ ಅದರ ಮೇಲೆ ಕುಣಿದರೆ ಅಪ್ಪನ ತಾಯಿ, ದಾದಿ ಗೌಸಬಿ, ಕಿವಿ ಹಿಂಡಿ ಎಚ್ಚರಿಸುತ್ತಿದ್ದಳು. ಈಗ ಕೇಳಿದರೂ ಅದೇ ಮಾತು.

“ಬಾಯಿ ತೆರದ ಕೂಡ್ಲೆ ಹಗೇವಿನ್ಯಾಗ ಇಳೀಬಾರ್ದು ಬೇಟಿ. ಒಳಗ ಕೆಟ್ಟ ಗಾಳಿ ಇರ್ತೈತಿ. ಮೊದಲ ದೀಪಾ ಇಳಿಬಿಟ್ಟು ನೋಡಬೇಕು. ನೋಡದ ಇಳದಾಂವ ಹೊಳ್ಳಿ ಬರೂದಿಲ್ಲ.”

ಅಂದರೆ ಹಗೇವು ಎದುರಿಗೆ ನಿಂತವನನ್ನು ನುಂಗುವುದಿಲ್ಲ. ಬಾಯಿ ತೆರೆದ ಮೇಲೆ ಯಾರು ಬರುತ್ತಾನೋ ಅವನನ್ನು ನುಂಗುತ್ತದೆ. ಮುಂದೆ ಬರುವವನೇ ಮುಂದಿನವನು! ಎದುರಾಳಿ ಎಂಥ ಬಲಶಾಲಿಯನ್ನು ಕಾದಿಟ್ಟುಕೊಂಡಿದ್ದರೂ ಇಳಿಸಿದ ಗಳಿಗೆಯಲ್ಲೇ ಅವನ ಕತೆ ಮುಗಿಯಿತು. ಇದಕ್ಕಿಂತ ದೊಡ್ಡ ಕಾರ್ಡು ಬೇಕೆ?

ಅವಳ ಜೋಡಿ ಆಟಗಾರ್ತಿ ಸುವರ್ಣಾ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಬೇಗ ಒಪ್ಪುವ ಪೈಕಿ ಅಲ್ಲ. ಎರಡು ಹಗೇವು ಸೇರಿಸಬೇಕಾದರೆ ಅವಳ ನೆಚ್ಚಿನ ಎರಡು ‘ಕಾವಲು ನಾಯಿ’ ಕಾರ್ಡು ತೆಗೆಯಬೇಕಿತ್ತು.

“ನನ್ನ ನಾಯಿ ಇಲ್ಲೀತನಾ ಯಾವತ್ತೂ ಕೈ ಬಿಟ್ಟಿಲ್ಲ, ಅಫ್ರೀನಾ.”

“ಇದೂ ಬಿಡೂದಿಲ್ಲ. ನನ್ನ ಮಾತಿನ ಮ್ಯಾಲ ಭರೋಸಾ ಇಲ್ಲೇನು?”

“ಮಾತಿನ ಮ್ಯಾಲ ಐತಿ. ಗುಂಡಿ ಮ್ಯಾಲ ಇಲ್ಲ.” ಹಾಗೆಂದರೂ ಸುವರ್ಣಾ ನಾಯಿಗಳನ್ನು ಎತ್ತಿಟ್ಟಳು. “ತಗೋ. ವಿಜಯಪುರಕ್ಕ ಹೋಗೂದು ಬಿಡೂದು ಇನ್ನ ನಿನ್ನ ಹಗೇವಿನ ಕೈಯಾಗ.”

ಆ ಭಾನುವಾರ ಮುದ್ದೇಬಿಹಾಳದಲ್ಲಿ ಗೆದ್ದ ಜೋಡಿಗೆ ವಿಜಯಪುರದ ಜಿಲ್ಲಾ ಪಂದ್ಯಕ್ಕೆ ದಾರಿ. ಎದುರಿಗೆ ಇಂಡಿಯವರು, ಅಂದರೆ ಕಲ್ಮೇಶ. ಜೋಡಿಯಲ್ಲಿ ಒಬ್ಬರು ಆಡಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂರಬಹುದು, ಬಾಯಿ ಬಿಡುವಂತಿಲ್ಲ. ಆಡಲು ಅಫ್ರೀನ ಕೂತಳು. ತೀರ್ಪಿಗೆ ಝೆರಾಕ್ಸ್ ಅಂಗಡಿಯ ಜಾಹಿದ.

ಆಟ ಅವಳೆಣಿಸಿದಂತೆಯೇ ನಡೆಯಿತು. ತನ್ನ ಮೂರನೇ ಮನೆಯಲ್ಲಿ ಹಗೇವನ್ನು ಬೋರಲಿಟ್ಟಳು, ಮುಂದಿನ ಪಾಳಿಗೆ ಮಗುಚಿದಳು. ಅದರ ಎದುರಿನ ಮನೆ ಖಾಲಿ ಇತ್ತು. ಇರಲಿ, ಅವಳು ಕಾಯುತ್ತಿದ್ದುದು ಬರುವವನನ್ನು. ಕಲ್ಮೇಶ ಕೈಯೊಳಗಿನ ಕಾರ್ಡು ನೋಡಿ, ಅವಳ ಮುಖ ನೋಡಿ, ತನ್ನ ಮೊದಲನೇ ಮನೆಯಲ್ಲಿ ‘ಸಿಡಿಲು ಗೂಳಿ’ಯನ್ನು ಇಳಿಸಿದ. ಒಂದು ಏಟಿಗೆ ಮೂರು ದೀಪ ಆರಿಸುವ ಗೂಳಿ.

“ನುಂಗಿತು,” ಎಂದು ಅಫ್ರೀನ ಗೂಳಿಯ ಕಡೆ ಕೈ ಚಾಚಿದಳು.

“ಏ ಟೀಚರ, ತಡೀರಿ! ನಿಮ್ಮ ಗುಂಡಿ ಆ ತುದೀಗೆ, ನನ್ನ ಗೂಳಿ ಈ ತುದೀಗೆ. ಯಾವ ಬಾಯಿಲೆ ನುಂಗತೈತ್ರಿ?”

“ಮುಂದಿನ ರಾಕ್ಷಸ ಅಂತ ಬರದೈತಿ. ಬಾಯಿ ತೆರದ ಮ್ಯಾಲ ಮುಂದ ಬಂದದ್ದು ಇದ.”

“ಮುಂದಿನ ಅಂದ್ರ ಮುಂದ ಇರೂದ್ರಿ. ಹಗೇವಿನ ಮುಂದ ಏನೈತಿ? ಬಯಲು.”

ಜಾಹಿದ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದ, ದೂರ ಹಿಡಿದ. ಅಫ್ರೀನ ಹಗೇವಿನ ಕೆಟ್ಟ ಗಾಳಿ ಹೇಳಿದಳು, ದೀಪ ಇಳಿಬಿಡುವುದನ್ನು ಹೇಳಿದಳು, ಕಂಪನಿಯ ಉತ್ತರವನ್ನೂ ತೋರಿಸಿದಳು. ತೋರಿಸಿದ ಮೇಲೆ ಅದು ತನ್ನ ಪರವಾಗಿ ಏನೂ ಹೇಳುವುದಿಲ್ಲ ಎಂಬುದು ಅವಳಿಗೇ ಹೊಳೆಯಿತು.

“ಅಕ್ಕಾರ, ನಿಮ್ಮ ದಾದಿ ಹೇಳಿದ್ದು ಖರೇ ಐತ್ರಿ,” ಎಂದ ಜಾಹಿದ. “ನಮ್ಮ ಮನ್ಯಾಗೂ ಹಂಗ ಹೇಳ್ತಾರ. ಆದ್ರ ಇದು ಆಟ. ಇನ್ನ ಬರೂದಾಗಿದ್ರ ‘ಬರುವ’ ಅಂತ ಬರೀತಿದ್ರು. ಮುಂದಿನ ಅಂದ್ರ ಎದರಿನ ಮನೀದು. ಗೂಳಿ ಉಳೀತು.”

ಸುತ್ತ ಕೂತವರಲ್ಲಿ ಯಾರೋ ಅಂದರು, “ಕನ್ನಡಾ ಟೀಚರಿಗೆ ಮುಂದ ಹಿಂದ ತಿಳೀವಲ್ದು ನೋಡ್ರೋ.”

ಅಫ್ರೀನಳ ಕಿವಿ ಕಾಯ್ದವು. ತಾನು ಕಂಡಿದ್ದಳಲ್ಲ ಎರಡೂ ಅರ್ಥ! ಎಲ್ಲರಿಗಿಂತ ಮೊದಲು ಕಂಡು, ಕೇಳಿ, ಕೆದಕಿ, ಕೊನೆಗೆ ತಪ್ಪಾದ ಅರ್ಥದ ಮೇಲೆಯೇ ಹೋಗಿ ಕೂತಿದ್ದಳು. ಪಾಳಿ ಅವಳದಿತ್ತು. ಕೈಯಲ್ಲಿ ಮೂರು ಕಾರ್ಡು ಇದ್ದವು. ಅವುಗಳಲ್ಲಿ ಇನ್ನೊಂದು ಹಗೇವು. ಅದರ ಮುಖ ನೋಡಲೂ ಮನಸ್ಸಾಗಲಿಲ್ಲ. ಪಕ್ಕದಲ್ಲಿ ಸುವರ್ಣಾ ಅವಳ ಕೈಯನ್ನೇ ನೋಡುತ್ತ ತುಟಿ ಕಚ್ಚಿಕೊಂಡಿದ್ದಳು. ನಾಯಿಗಳ ಸಿಟ್ಟು ಎಂದುಕೊಂಡಳು ಅಫ್ರೀನ.

“ಪಾಳಿ ಬಿಟ್ಟೆ,” ಎಂದಳು.

ಗೂಳಿ ಮೂರು ದೀಪ ಆರಿಸಿತು. ಮರುಪಾಳಿಗೆ ಯಾವುದೋ ಸಣ್ಣ ರಾಕ್ಷಸನನ್ನು ಅಡ್ಡ ಇಟ್ಟಳು. ಗೂಳಿ ಅದನ್ನು ತುಳಿದುಕೊಂಡೇ ಬಂದು ಉಳಿದೆರಡನ್ನೂ ಆರಿಸಿತು.

ಆಟ ಮುಗಿದ ಮೇಲೆ ಕೈಯ ಕಾರ್ಡು ತೋರಿಸುವುದು ರಿವಾಜು. ಅವಳು ಅಂಗಾತ ಹಾಕಿದ ಕಾರ್ಡು ನೋಡಿ ಕಲ್ಮೇಶ ಹುಬ್ಬೇರಿಸಿದ. ಈ ಸಲ ಚೇಷ್ಟೆ ಇರಲಿಲ್ಲ.

“ಇನ್ನೊಂದು ಹಗೇವು ಇತ್ತೇನ್ರಿ? ಜಾಹಿದಣ್ಣ ಹೇಳಿದ ಕೂಡ್ಲೆ ನನ್ನ ಗೂಳಿ ಎದರಿಗೆ ಇಟ್ಟಿದ್ರ, ಮರುಪಾಳಿಗೆ ಅದು ಬಾಯಿ ತೆರದು ಗೂಳೀನ ನುಂಗತಿತ್ತು. ಆವಾಗ ಇನ್ನ ಎರಡು ದೀಪ ಇದ್ದುವಲ್ರಿ ನಿಮ್ವು. ನನ್ನ ಕೈಯಾಗ ಬ್ಯಾರೆ ಏನಿತ್ತು, ಮಣ್ಣು? ಚಲೋ ಕಾರ್ಡ ಐತ್ರಿ ಇದು! ನಾನ ಎರಡು ಹುಡಿಕ್ಕೋತೇನಿ.”

ಇಬ್ಬರೂ ಬಾಗೇವಾಡಿಯ ಬಸ್ಸು ಹತ್ತಿ ಕೂತರು. ಹೊಲಗಳು ಹಿಂದೆ ಸರಿಯುತ್ತಿದ್ದವು.

“ನೀ ನೋಡಿದ್ದೇನು, ಅದು ಕೈಯಾಗ ಇದ್ದದ್ದು?” ಅಫ್ರೀನ ಕೇಳಿದಳು.

“ನೋಡಿದ್ದೆ. ಬಾಯಿ ಬಿಡಂಗಿದ್ದಿಲ್ಲ. ತುಟಿ ನೋಡ, ಹೆಂಗ ಬಾತೈತಿ.” ಸ್ವಲ್ಪ ತಡೆದು ಸುವರ್ಣಾ ಮತ್ತೆ ಅಂದಳು, “ಹೋಗ್ಲಿ ಬಿಡು. ಕಾರ್ಡ ಚಲೋ ಐತಿ ಅಂತ ನೀ ಹೇಳಿದ್ದು ಖರೇ ಆತಲ್ಲ.”

“ಆಗ್ಲಿಲ್ಲ. ಅದು ಚಲೋ ಇದ್ದದ್ದು ಒಂದಕ್ಕ, ನಾ ಹೇಳಿದ್ದು ಇನ್ನೊಂದಕ್ಕ. ಮಕ್ಕಳು ಹಿಂಗ ಬರದ್ರ ನಾ ಮಾರ್ಕ್ಸ ಕೊಡೂದಿಲ್ಲ.”

ಬಾಗೇವಾಡಿ ಬಂತು. ಕಂಡಕ್ಟರ್ ಸೀಟಿ ಊದಿ ಕೂಗಿದ, “ಮುಂದಿನ ಬಾಗಲದಿಂದ ಇಳೀರಿ, ಮುಂದಿನ ಬಾಗಲಾ!”

“ಮುಂದಿನದು ಅಂದ್ರ ಯಾವುದ್ರಿ ಅಣ್ಣಾ?” ಸುವರ್ಣಾ ಗಂಭೀರವಾಗಿ ಕೇಳಿದಳು. “ಎದರಿಗಿರೂದೋ, ಇನ್ನ ಬರೂದೋ?”

ಕಂಡಕ್ಟರ್ ಪಿಳಿಪಿಳಿ ನೋಡಿದ. ಸುವರ್ಣಾ ಬಾತ ತುಟಿಯಲ್ಲೇ ನಗುತ್ತ ಮುಂದೆ ನಡೆದಳು. ಅಫ್ರೀನ ಹಿಂದಿನ ಬಾಗಿಲಿಂದ ಇಳಿದಳು.