ಅಮ್ಮನ ದನಿಗೊಂದು ಡಬ್ಬಿ

ಗಂಟಲಿನ ಆಪರೇಷನ್ ಆದಮೇಲೆ ಅಮ್ಮನ ದನಿ ಪಿಸುಮಾತಿಗೆ ಇಳಿಯಿತು. ಇನ್ನು ಏರುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಅಪ್ಪನಿಗೋ ಕಿವಿ ಮಂದ. ಒಪ್ಪಿಕೊಳ್ಳುವ ಜಾಯಮಾನ ಅವರದಲ್ಲ. ಅಮ್ಮ ದರ್ಜಿ. ನಲವತ್ತು ವರ್ಷ ಹೊಲಿಗೆ ಯಂತ್ರದ ಸದ್ದನ್ನೂ ಮೀರಿಸಿ ಗಂಡನನ್ನು ಬಯ್ದವಳು ಈಗ ಬಟ್ಟೆ ಚೂರಿನ ಮೇಲೆ ಸೀಮೆಸುಣ್ಣದಲ್ಲಿ ‘ಮಾತ್ರೆ?’ ಎಂದು ಬರೆದು ಹಿಡಿಯುತ್ತಿದ್ದಳು. ಅಪ್ಪ ತಲೆಯಾಡಿಸುತ್ತಿದ್ದರು, ಅಷ್ಟೇ. ಮೂರು ತಿಂಗಳು ಮನೆಯಲ್ಲಿ ಜಗಳವೇ ಇಲ್ಲ. ಅಪ್ಪ ದಿನೇ ದಿನೇ ಮಂಕಾದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಅವಳ ಬಯ್ಗುಳವಿಲ್ಲದೆ ನನಗೂ ಊಟ ಸೇರುತ್ತಿರಲಿಲ್ಲ.

ನನ್ನದು ರಿಪೇರಿ ಅಂಗಡಿ. ಸತ್ತ ರೇಡಿಯೋಗಳನ್ನು ಎಬ್ಬಿಸಿ ಕೂರಿಸುವವನಿಗೆ ಹೆತ್ತವಳ ದನಿ ಎತ್ತಲಾಗದೇ? ಒಂದು ಪುಟ್ಟ ಮೈಕು, ಒಂದು ಟ್ರಾನ್ಸಿಸ್ಟರ್, ಒಂದು ಐಸಿ, ಬ್ಯಾಟರಿ ಎಲ್ಲ ಸೇರಿಸಿ ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟಿದೆ. ಮೈಕು ಹೊಲಿಗೆ ಯಂತ್ರದ ಪಕ್ಕ, ಸ್ಪೀಕರು ಪಕ್ಕದ ಕೋಣೆಯಲ್ಲಿ ಅಪ್ಪನ ಕುರ್ಚಿಯ ಹಿಂದೆ, ತಲೆಯ ಹತ್ತಿರ. ನಾನು ಕೈತೊಳೆದು ಬರುವಷ್ಟರಲ್ಲಿ ಅಮ್ಮ ಮೈಕಿಗೊಂದು ಗವಸು ಹೊಲಿದು ಮುಗಿಸಿದ್ದಳು. ನಮ್ಮ ಮನೆಯಲ್ಲಿ ಟೀವಿಗೂ ಗವಸು, ಫ್ಯಾನಿನ ರೆಗ್ಯುಲೇಟರಿಗೂ ಗವಸು. ಧೂಳೆಂದರೆ ಅವಳಿಗೆ ಮೈಯೆಲ್ಲ ಉರಿ. ಹಾಗಾಗಿ ಈ ಹೊಸ ಗವಸು ನನ್ನ ಕಣ್ಣಿಗೂ ಬೀಳಲಿಲ್ಲ.

ಸ್ವಿಚ್ ಹಾಕಿದೆ. ಅಮ್ಮ ಮಾತಾಡಿದಳು.

“ಡಬ್ಬಿ ಒಳಗೆ ಸೊಳ್ಳೆ ಸೇರ್ಕೊಂಡಿದೆ ಕಣೋ,” ಎಂದರು ಅಪ್ಪ.

ನನ್ನ ಮುಖ ಸಪ್ಪಗಾಯಿತು. ಹೊಸ ಬ್ಯಾಟರಿ ಹಾಕಿದೆ. ಟ್ರಾನ್ಸಿಸ್ಟರ್ ಬದಲಿಸಿದೆ. ಕೆಪಾಸಿಟರ್ ತಿರುಗುಮುರುಗಾಗಿದೆಯೇ ಎಂದು ನೋಡಿದೆ, ಬೆಸುಗೆಗಳನ್ನೆಲ್ಲ ಮತ್ತೆ ಕಾಯಿಸಿದೆ, ಮೈಕಿಗೆ ಹೋಗುವ ವೋಲ್ಟೇಜು ಅಳೆದೆ. ಎಲ್ಲ ಸರಿ. ಬೆರಳಿನಿಂದ ಮೈಕು ತಟ್ಟಿದರೆ ದಬ್ ಎಂದು ಕೋಣೆಯೇ ಅದುರುತ್ತಿತ್ತು. ಮಾತಾಡಿದರೆ ಮತ್ತೆ ಅದೇ ಸೊಳ್ಳೆ. ನಾಲ್ಕನೇ ದಿನ ಡಬ್ಬಿಯನ್ನೂ ಮೈಕನ್ನೂ ಒಟ್ಟಿಗೆ ಮೇಜಿನ ಮೇಲೆ ಕುಕ್ಕಿ, “ಹಾಳಾಗಿ ಹೋಗ್ಲಿ!” ಎಂದು ಕೂಗಿದೆ.

ಅಮ್ಮ ನನ್ನನ್ನು ದುರುಗುಟ್ಟಿ ನೋಡಿ ಮೈಕನ್ನು ಎತ್ತಿಕೊಂಡಳು. ಕುಕ್ಕಿದ ರಭಸಕ್ಕೆ ಗವಸಿನ ಹೊಲಿಗೆ ಬಿಟ್ಟಿತ್ತು. ಮೈಕನ್ನು ಹೊರಗೆ ತೆಗೆದು ಮಡಿಲಲ್ಲಿಟ್ಟುಕೊಂಡು, ಸೂಜಿಗೆ ದಾರ ಪೋಣಿಸುತ್ತ ತನ್ನಷ್ಟಕ್ಕೆ ಪಿಸುಗುಟ್ಟಿದಳು.

“ಅಪ್ಪನ ಕೋಪ, ಅಪ್ಪನ ಮೂಗು. ಬುದ್ಧಿ ಮಾತ್ರ ಇಬ್ಬರಿಗೂ ಇಲ್ಲ!”

ಪಕ್ಕದ ಕೋಣೆಯಲ್ಲಿ ಅವಳ ದನಿ ಗುಡುಗಿತು.

“ಯಾಕೆ ಹಾಗೆ ಕಿರುಚ್ತೀಯ? ನಾನೇನು ಕಿವುಡನಾ?” ಅಪ್ಪ ಅಲ್ಲಿಂದಲೇ ರೇಗಿದರು. ಆಮೇಲೆ ಅವರ ಕೈಯ ಪತ್ರಿಕೆ ನೆಲಕ್ಕೆ ಬಿದ್ದದ್ದು ಕೇಳಿಸಿತು.

ನಾನು ಗವಸನ್ನು ಕಿತ್ತುಕೊಂಡು ತಿರುಗಿಸಿ ನೋಡಿದೆ. ಮೇಲೆ ರೆಕ್ಸಿನ್. ಒಳಗೆ ಕೋಟಿನ ಹೆಗಲಿಗೆ ಹಾಕುವ ದಪ್ಪ ಸ್ಪಂಜು, ಎರಡು ಪದರ. ಅಮ್ಮನ ದನಿಯನ್ನೆಲ್ಲ ಅದೇ ನುಂಗುತ್ತಿತ್ತು; ನಾಲ್ಕು ದಿನದಿಂದ ನಾನು ಹೆಗಲ ಸ್ಪಂಜಿನ ಜೊತೆ ಹೆಣಗಾಡುತ್ತಿದ್ದೆ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಅಪ್ಪ ಬಾಗಿಲಲ್ಲಿ ಬಂದು ನಿಂತಿದ್ದರು. ಅಮ್ಮ ಮೈಕನ್ನು ತುಟಿಯ ಹತ್ತಿರ ತಂದಳು.

“ಹೌದು ರೀ, ಕಿವುಡರೇ. ಮಾತ್ರೆ ತಗೊಂಡ್ರಾ?”

“ಇಲ್ಲ,” ಎಂದರು ಅಪ್ಪ. ಕಣ್ಣು ಒದ್ದೆಯಾಗಿತ್ತು. “ಮೂರು ತಿಂಗಳಿಂದ ಸರಿಯಾಗಿ ತಗೊಂಡೇ ಇಲ್ಲ. ಬಯ್ಯಿ, ನೋಡೋಣ.”

ಅಮ್ಮ ಬಯ್ದಳು. ಮೂರು ತಿಂಗಳ ಬಾಕಿಯೆಲ್ಲ ತೀರುವಷ್ಟು ಬಯ್ದಳು. ಅಪ್ಪ ಕುರ್ಚಿಗೆ ಹೋಗಿ, ಸ್ಪೀಕರಿಗೆ ಕಿವಿ ಆನಿಸಿ ಕೂತು ಕೇಳಿದರು.

ಸಂಜೆ ಅಮ್ಮ ಗವಸಿಗಾಗಿ ಮನೆಯೆಲ್ಲ ಹುಡುಕಿದಳು, ಸಿಗಲಿಲ್ಲ. ಅದು ಅಪ್ಪನ ಅಂಗಿಯ ಜೇಬಿನಲ್ಲಿ ಉಬ್ಬಿಕೊಂಡಿದ್ದದ್ದು ನನಗೆ ಕಾಣುತ್ತಿತ್ತು. ನಾನೂ ಅವಳ ಜೊತೆ ಹುಡುಕುವಂತೆ ನಟಿಸಿದೆ.