ಮಡಿಕೆ ಮುರಿಯದ ಸೀರೆ

ಜಪಾನಿನಲ್ಲಿ ಉಡುಗೊರೆ ಕೊಡುವ ಪದ್ಧತಿಯ ಮೇಲೆ ನಾನು ಹನ್ನೆರಡು ಪುಟ ಬರೆದಿದ್ದೇನೆ. ಜಪಾನೀ ಎಂ.ಎ. ಮೊದಲ ವರ್ಷ ಅದಕ್ಕೆ ಇಡೀ ತರಗತಿಯಲ್ಲಿ ನನಗೇ ಹೆಚ್ಚು ಅಂಕ. ಕೊಟ್ಟವರ ಎದುರಿಗೆ ಗಂಟು ಬಿಚ್ಚಬಾರದು, ಬಿಚ್ಚಿದರೆ ಆಸೆಬುರುಕತನ ಎಂದು ನಾನೇ ಬರೆದವಳು. ಅಷ್ಟೆಲ್ಲ ಬರೆದ ಜಾಣೆ, ನಮ್ಮಜ್ಜಿಗೆ ಆ ಒಂದು ಮಾತು ಹೇಳಲು ಮರೆತೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನಾರಾಯಣಪೇಟೆಯ ನಮ್ಮ ಮಗ್ಗದ ಓಣಿಯ ರೀತಿ ಪೂರ್ತಿ ಉಲ್ಟಾ. ಸೀರೆ ಕೊಟ್ಟರೆ ನೇಯ್ದವರ ಎದುರಿಗೇ ಮಡಿಕೆ ಮುರಿದು, ಸೆರಗನ್ನು ಹೆಗಲಿಗೆ ಹಾಕಿಕೊಳ್ಳಬೇಕು. ಮಡಿಕೆ ಮುರಿಯದಿದ್ದರೆ ನಿಮ್ಮ ಸೀರೆ ನಮಗೆ ಬೇಡ ಎಂದಂತೆ.

ಕುರಾತಾ ಮೇಡಂ ಎರಡು ವರ್ಷ ಜಪಾನಿನಿಂದ ವಿಡಿಯೋದಲ್ಲಿ ನನಗೆ ಪಾಠ ಹೇಳಿದವರು, ನನ್ನ ಪ್ರಬಂಧದ ಮಾರ್ಗದರ್ಶಿ. ಅಲ್ಲಿನ ಒಂದು ಹಳ್ಳಿಯ ನೇಕಾರ ಹೆಂಗಸರು, ಇಲ್ಲಿನ ನಮ್ಮ ಓಣಿಯ ಹೆಂಗಸರು, ಇದು ನನ್ನ ವಿಷಯ. ಅಲ್ಲಿಯವರ ಮಾತುಗಳು ಸಿಕ್ಕಿದ್ದವು. ಇಲ್ಲಿಂದ ನಮ್ಮಜ್ಜಿ ಸುಗುಣಮ್ಮನ ಮಾತು ಬೇಕಿತ್ತು. ಮೂರು ತಿಂಗಳು ಕಾಡಿ ಬೇಡಿ ಒಪ್ಪಿಸಿದ್ದೆ. ಅಜ್ಜಿಗೆ ನನ್ನ ಓದೆಂದರೆ ಅಷ್ಟಕ್ಕಷ್ಟೇ. "ಆ ಕಾಗಿ ಕಾಲು ಗುಬ್ಬಿ ಕಾಲು ಬರಿಯಾಕ ಎರಡು ವರ್ಷ ಬೇಕೇನ?" ಎನ್ನುತ್ತಿದ್ದಳು.

ಮಂಗಳವಾರ ಮಧ್ಯಾಹ್ನ ಮೇಡಂ ಮನೆಗೆ ಬಂದರು. ಅಜ್ಜಿ ಟ್ರಂಕಿನ ತಳದಿಂದ ತಾನೇ ನೇಯ್ದ ಕೆಂಪು ಚೌಕುಳಿ ಸೀರೆಯೊಂದನ್ನು ತೆಗೆದು, ಕುಂಕುಮ ಹಚ್ಚಿ ಅವರ ಕೈಗಿಟ್ಟಳು. ಮೇಡಂ ಎರಡೂ ಕೈಯಿಂದ ತೆಗೆದುಕೊಂಡು, ಸೊಂಟ ಬಗ್ಗಿಸಿ ನಮಸ್ಕರಿಸಿ, ಬಟ್ಟೆಯಲ್ಲಿ ಸುತ್ತಿ ಚೀಲದೊಳಗಿಟ್ಟರು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಚಹಾ ಕುಡಿದು ಅವರು ಗದ್ವಾಲಿನ ಲಾಡ್ಜಿಗೆ ಹೊರಟರು. ಮರುದಿನ ಹನ್ನೊಂದಕ್ಕೆ ರೆಕಾರ್ಡಿಂಗ್, ಸಂಜೆ ಅವರ ವಿಮಾನ.

ಕಾರು ತಿರುವು ದಾಟಿತೋ ಇಲ್ಲವೋ, ಅಜ್ಜಿ ಶುರು ಮಾಡಿದಳು. "ನನ್ನ ಸೀರಿ ಬಿಚ್ಚಿ ನೋಡದಾಕಿಗೆ ನಾ ಯಾಕ ಬಾಯಿ ಬಿಚ್ಚಲಿ? ನಾಳೆ ನಾ ಏನೂ ಹೇಳಂಗಿಲ್ಲ. ಮುಗೀತು!"

"ಅಜ್ಜಿ, ಅವರ ಕಡಿ ಅದೇ ಮರ್ಯಾದಿ!"

"ನಮ್ಮ ಮನಿಗೆ ಬಂದಮ್ಯಾಲ ನಮ್ಮ ಮರ್ಯಾದಿ."

ಪಕ್ಕದ ಮಗ್ಗದಿಂದ ಅಪ್ಪ ಅಂಜಯ್ಯ ನಕ್ಕ. "ಹನ್ನೆರಡು ಪುಟ ಬರದೀಯಲ್ಲವಾ ಮಾಧವಿ, ಅದರಾಗ ಒಂದು ಪುಟ ನಿಮ್ಮಜ್ಜಿಗೆ ಓದಿ ಹೇಳಬೇಕಿಲ್ಲೇನ?"

ನನಗೆ ಮೈಯೆಲ್ಲ ಉರಿಯಿತು. ಅಪ್ಪ ಹೇಳಿದ್ದು ನಿಜವಾಗಿದ್ದಕ್ಕೇ ಇನ್ನೂ ಹೆಚ್ಚು ಉರಿಯಿತು.

ಫೋನಿನಲ್ಲಿ ಹೇಳುವ ಮಾತಲ್ಲವೆಂದು ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಮಕ್ತಲಿಗೆ ಹೋದೆ. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗದ್ವಾಲಿನವರೆಗೂ ನಿಂತೇ ಹೋದೆ. ಅಜ್ಜಿ ಮಾತಾಡದಿದ್ದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದಿದ್ದರೆ ಎಂ.ಎ. ಇಲ್ಲ. ದಾರಿಯುದ್ದಕ್ಕೂ ಇದೇ ಜಪ. ಲಾಡ್ಜಿನಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದೆ. ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು, ನಾಲ್ಕು ಸಲ ತಪ್ಪಾಯಿತು ಎಂದರು. ಆಮೇಲೆ, "ಅಜ್ಜಿಯನ್ನು ಮೊದಲು ಒಂದೇ ಒಂದು ಪ್ರಶ್ನೆ ಕೇಳಲೇ?" ಎಂದರು. ಅಯ್ಯೋ ದೇವರೇ, ಈ ಸಿಟ್ಟಿನಲ್ಲಿ ಪ್ರಶ್ನೆ ಬೇರೆ ಕೇಡು ಅಂದುಕೊಂಡೆ.

ಅವರ ಕಾರಿನಲ್ಲೇ ಮನೆಗೆ ಬಂದೆವು. ಅಜ್ಜಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು, ತಲೆಯೆತ್ತದೆ ಲಾಳಿ ಹೊಡೆಯುತ್ತಿದ್ದಳು. ಮೇಡಂ ನೆಲದ ಮೇಲೆ ಕೂತು ಗಂಟು ಬಿಚ್ಚಿದರು. ಸೀರೆ ಅಜ್ಜಿ ಮಡಿಸಿದ ಹಾಗೆಯೇ ಇತ್ತು. ಅಜ್ಜಿ ಓರೆಗಣ್ಣಲ್ಲಿ ನೋಡಿ, "ಕೈನೂ ಹಚ್ಚಿಲ್ಲ ನೋಡು" ಎಂದು ಗೊಣಗಿದಳು.

ಮೇಡಂ ಮಡಿಕೆ ಮುರಿದು, ಸೀರೆಯನ್ನು ಉದ್ದಕ್ಕೂ ಹಾಸಿ, ಸೆರಗಿನ ಹತ್ತಿರ, ಗೋಪುರಗಳ ಸಾಲು ನೇಯ್ದ ದಡಿಯ ಮೇಲೆ ಬೆರಳಿಟ್ಟರು. ಅವರು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. "ನಿನ್ನೆ ಲಾಡ್ಜಿಗೆ ಹೋದ ಕೂಡಲೇ ಪೂರ್ತಿ ಬಿಚ್ಚಿ ನೋಡ್ಯಾರಂತ. ಹ್ಯಾಂಗಿತ್ತೋ ಹಂಗ ಮಡಚಿಟ್ಟಾರಂತ. ಇಷ್ಟೆಲ್ಲ ಗೋಪುರದಾಗ ಇಲ್ಲಿ ಒಂದು ಇಲ್ಲ. ನಿನ್ನಂಥ ಕೈ ಸುಮ್ಮಸುಮ್ಮನ ತಪ್ಪಂಗಿಲ್ಲ, ಅವತ್ತು ಏನಾಗಿತ್ತು ಅಂತ ಕೇಳ್ತಾರ."

ಲಾಳಿ ನಿಂತಿತು. ಅಜ್ಜಿ ತಲೆಯೆತ್ತಿದಳು. "ಎಷ್ಟು ಮಂದಿ ನನ್ನೆದುರಿಗೆ ಸೀರಿ ಬಿಚ್ಚಿ, ಭೇಷ್ ಅಂದು ಹೋದ್ರು. ಹಿಂಗ ಕಣ್ಣಿಟ್ಟು ನೋಡಿದಾಕಿ ಇಕಿ ಒಬ್ಬಾಕಿ." ಕುಣಿಯಿಂದ ಮೇಲೆದ್ದು ಬಂದು ಮೇಡಂ ಪಕ್ಕ ಕೂತಳು. "ಆ ಮಷೀನು ಚಾಲೂ ಮಾಡು."

ನಾನು ರೆಕಾರ್ಡರ್ ಒತ್ತಿದೆ.

"ಎರಡು ವರ್ಷದ ಹಿಂದ ಒಂದು ಮಧ್ಯಾಹ್ನ. ಈ ಹುಡುಗಿ, ಓದಾಕ ಸೀಟು ಸಿಕ್ತು ಅಂತ ಓಣಿ ತುದಿಯಿಂದ ಒದರಿಕೋತ ಓಡಿ ಬಂದ್ಲು. ನಮ್ಮ ಮನ್ಯಾಗ ಅಷ್ಟು ಓದಾಕ ಹೊಂಟ ಮೊದಲ ಹೆಣ್ಣುಮಗಳು. ನನ್ನ ಕೈ ನಿಂತೇಬಿಡ್ತು, ಒಂದು ಗೋಪುರ ತಪ್ಪಿತು. ಬಿಚ್ಚಿ ನೇಯಬಹುದಿತ್ತು, ಇರಲಿ ಅಂತ ಬಿಟ್ಟೆ. ಮಾರಾಕ ಮನಸ್ಸಾಗಲಿಲ್ಲ. ಇಕಿಗೆ ವಿದ್ಯಾ ಕೊಟ್ಟಾಕಿಗೇ ಕೊಡಬೇಕಂತ ಟ್ರಂಕಿನ್ಯಾಗ ಇಟ್ಟಿದ್ದೆ."

ಮೇಡಂ ನನ್ನ ಮುಖ ನೋಡುತ್ತಾ ಕಾಯುತ್ತಿದ್ದರು. ನಾನು ಗೋಪುರ ತಪ್ಪಿದ ಆ ಜಾಗವನ್ನೇ ಬೆರಳಿನಿಂದ ಸವರುತ್ತಾ ಕೂತಿದ್ದೆ.

"ಯಾಕ, ಮೂಕಿ ಆದೇನ?" ಅಜ್ಜಿ ನನ್ನ ಬೆನ್ನಿಗೊಂದು ಗುದ್ದಿದಳು. "ಎರಡು ವರ್ಷ ಓದೀಯಲ್ಲ, ಹೇಳು ಆಕಿಗೆ!"

ಮೂಗೊರೆಸಿಕೊಂಡು ಹೇಳಿದೆ.