ಮೊದಲ ಸಲ್ಯೂಟು ನಂದೇ

ಲತಾಮಣಿ ಅಪ್ಪನ ಬೂಟಿಗೆ ಪಾಲಿಷ್ ಹಾಕುತ್ತಿದ್ದಳು. ಜಗಲಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಎಡಗೈಯನ್ನು ಬೂಟಿನೊಳಗೆ ತೂರಿಸಿ, ಬಲಗೈಯ ಬೆರಳಿಗೆ ಹಳೇ ಬನಿಯನ್ನಿನ ಚೂರು ಸುತ್ತಿಕೊಂಡು ಸಣ್ಣ ಸಣ್ಣ ಸುತ್ತು ಉಜ್ಜುತ್ತಿದ್ದಳು. ಒಂದು ತೊಟ್ಟು ನೀರು, ಚೂರು ಪಾಲಿಷ್, ಮತ್ತೆ ಸುತ್ತು. ಹೀಗೆ ಉಜ್ಜುವುದನ್ನು ಕಲಿಸಿದವನು ಅಪ್ಪನೇ. ಅವನು ಎದುರಿನ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ. ಬೂಟಿನ ಮೂತಿಯಲ್ಲಿ ಸೂರಿನ ಹೆಂಚು ಕಾಣುವಷ್ಟು ಹೊಳಪು ಬಂದ ಮೇಲೆ ಅವನು ಕಣ್ಣು ಮುಚ್ಚಿ ತೆರೆದ. ಸಾಕು ಎಂದರ್ಥ.

ಅಪ್ಪ ಲಕ್ಷ್ಮಯ್ಯ ಮಿಲಿಟರಿಯಲ್ಲಿ ಹವಾಲ್ದಾರನಾಗಿದ್ದವನು. ಪೆನ್ಷನ್ ತೆಗೆದುಕೊಂಡು ಚನ್ನಪಟ್ಟಣಕ್ಕೆ ಬಂದವನೇ ಬಿಡದಿಯಲ್ಲಿ ಹೊಸದಾಗಿ ಎದ್ದ ಫ್ಯಾಕ್ಟರಿಯೊಂದರ ಗೇಟಿಗೆ ಸೆಕ್ಯೂರಿಟಿಯಾಗಿ ಸೇರಿದ್ದ. ದೀಪಾವಳಿ ಕಳೆದ ಮೇಲೆ ಒಂದು ಬೆಳಗ್ಗೆ, ಒಳಕ್ಕೆ ಹೋಗುತ್ತಿದ್ದ ಯಾರದೋ ಕಾರಿಗೆ ಎತ್ತಿದ ಕೈ ಅರ್ಧದಲ್ಲೇ ಜೋತು ಬಿತ್ತು. ಅದರ ಹಿಂದೆಯೇ ಆಳೂ ಬಿದ್ದ. ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಬಲಗಾಲು ಎಳೆಯುವಂತಾಯಿತು, ನಾಲಗೆ ದಪ್ಪವಾಯಿತು. ಆಸ್ಪತ್ರೆಯಲ್ಲಿ ತೊದಲುತ್ತ ಆಡಿದ ಮೊದಲ ಮಾತೇ, "ಪ್ರತಿಮಂಗೆ ಏಳ್ಬ್ಯಾಡಿ. ಟ್ರೇನಿಂಗ್ ಬುಟ್ಟು ಓಡ್ಬತ್ತಾಳೆ."

ಹೇಳಲಿಲ್ಲ. ಅಂದಿನಿಂದ ಇಂದಿನವರೆಗೂ ಹೇಳಿರಲಿಲ್ಲ. ದೊಡ್ಡ ಮಗಳು ಪ್ರತಿಮಾ ಚೆನ್ನೈಯಲ್ಲಿ ಆಫೀಸರ್ ಟ್ರೇನಿಂಗ್ ಮುಗಿಸಿ, ಇವತ್ತು ಹೆಗಲ ಮೇಲೆ ನಕ್ಷತ್ರ ಹೊತ್ತು ಮನೆಗೆ ಬರುವವಳಿದ್ದಳು.

ಇಬ್ಬರೂ ಚಿಕ್ಕವರಿದ್ದಾಗ ಅಪ್ಪ ರಜಕ್ಕೆ ಬಂದರೆ ಹಿತ್ತಲಲ್ಲಿ ಪರೇಡು ಮಾಡಿಸುತ್ತಿದ್ದ. ಪ್ರತಿಮಾ ಯಾವಾಗಲೂ ಆಫೀಸರ್, ಲತಾಮಣಿ ಯಾವಾಗಲೂ ಸಿಪಾಯಿ. ಸಿಪಾಯಿ ಸಲ್ಯೂಟ್ ಹೊಡೆದರೆ ಆಫೀಸರ್ ತಿರುಗಿ ಹೊಡೆಯಬೇಕು. ಅಲ್ಲಿಯವರೆಗೆ ಸಿಪಾಯಿ ಕೈ ಇಳಿಸುವ ಹಾಗಿಲ್ಲ. ತಲೆ ಮೇಲೆ ಟೋಪಿ ಇಲ್ಲದವರು ಸಲ್ಯೂಟ್ ಹೊಡೆಯುವ ಹಾಗೇ ಇಲ್ಲ. ಇದು ಅಪ್ಪನ ಕಾನೂನು. ಇಬ್ಬರಿಗೂ ಹಳೇ ರಟ್ಟಿನ ಟೋಪಿ ಮಾಡಿಕೊಟ್ಟಿದ್ದ. ಒಂದು ದಿನ ಲತಾಮಣಿ ಸಲ್ಯೂಟ್ ಹೊಡೆದಾಗ ಬೀದಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ ಕೇಳಿ ಪ್ರತಿಮಾ ಓಡಿಬಿಟ್ಟಳು. ಅಪ್ಪ ಪೇಟೆಯಿಂದ ಬಂದು ನೋಡಿದರೆ, ಸೀಬೆಗಿಡದ ಕೆಳಗೆ ಚಿಕ್ಕವಳು ಕೈ ಎತ್ತಿಕೊಂಡೇ ನಿಂತಿದ್ದಾಳೆ, ಕಣ್ಣಲ್ಲಿ ನೀರು. ಅವತ್ತು ಅಪ್ಪ ನಗಲಿಲ್ಲ. ಪ್ರತಿಮಾಳ ಕಿವಿ ಹಿಂಡಿ, "ಅವ್ಳ ಕೈ ಇಳ್ಸೋದು ನಿನ್ ಕೆಲ್ಸ ಕಣೇ. ನೀನ್ ಮರ್ತ್ರೆ ಅವ್ಳು ಸಾಯೋಗಂಟ ಅಂಗೇ ನಿಂತಿರ್ಬೇಕು" ಎಂದಿದ್ದ.

ಲತಾಮಣಿ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ಫಕ್ರುದ್ದೀನ್ ಸಾಬರ ಗೊಂಬೆ ಕಾರ್ಖಾನೆಯಲ್ಲಿ ಅರಗಿನ ಬಣ್ಣ ಹಾಕಲು ಹೋದಳು. ಪ್ರತಿಮಾ ಕಾಲೇಜಿಗೆ ಹೋಗಿ ಎನ್‌ಸಿಸಿ ಸೇರಿದಳು. ಚೆನ್ನೈಗೆ ಹೊರಟ ದಿನ ಸ್ಟೇಷನ್ನಿನಲ್ಲಿ ಅಪ್ಪ, "ಡ್ರೆಸ್ನಾಗೇ ಮನೇಗ್ ಬಾರವ್ವ. ನಮ್ಮೂರ್ನಲ್ಲಿ ಮೊದಲ ಸಲ್ಯೂಟು ನಂದೇ. ಬ್ಯಾರೆ ಯಾರ್‍ಗೂ ಬುಡಾಕಿಲ್ಲ" ಎಂದಿದ್ದ.

ಪಾಲಿಷ್ ಡಬ್ಬಿ ಮುಚ್ಚಿ ಲತಾಮಣಿ ಅಪ್ಪನ ಕಾಲಿಗೆ ಬೂಟು ತೊಡಿಸಿದಳು. ಎದೆಗೆ ಪದಕ ಚುಚ್ಚಿ, ತಲೆಗೆ ಹಳೇ ಟೋಪಿ ಇಟ್ಟಳು. ಬಲ ಅಂಗೈಯಲ್ಲಿ ಕೆಂಪು ಬಣ್ಣದ ಮರದ ಚೆಂಡು ಇರಿಸಿದಳು. ಬೆರಳಿಗೆ ಕಸುವು ಬರಲೆಂದು ಫಕ್ರುದ್ದೀನ್ ಸಾಬರೇ ಕಡೆದು ಕೊಟ್ಟದ್ದು. ಅವ್ವ ಮಾಯಮ್ಮ ಬಂದು ಆ ಕೈಯ ಮೇಲೆ ಟವೆಲ್ಲು ಹೊದಿಸಿದಳು.

"ಬಂದೋಳ್ಗೆ ಮೊದ್ಲು ಒಂದ್ಲೋಟ ಕಾಪಿ ಕುಡ್ಸವ. ಆಮ್ಯಾಕೆ ಏಳಾವ" ಎಂದಳು.

"ನೀನೇ ಏಳವ್ವ."

"ನಾನಾ? ನನ್ ಕೈಲಾಗಾಕಿಲ್ಲ. ಪೋನ್ನಾಗೆ ಸುಳ್ಳೇಳ್ದೋಳು ನೀನಲ್ವಾ, ನೀನೇ ಏಳು."

ನಿಜ. ಫೋನು ಹಿಡಿದವಳು ಲತಾಮಣಿಯೇ. ಅಕ್ಕ ಫೋನು ಮಾಡಿದಾಗಲೆಲ್ಲ ಅಪ್ಪ ಡ್ಯೂಟಿಗೆ ಹೋಗಿದ್ದಾನೆ ಎನ್ನುತ್ತ ಬಂದಿದ್ದಳು. ಟ್ರೇನಿಂಗ್ ಮುಗಿಯುವ ಪರೇಡಿನ ದಿನ ಹೆಗಲ ಮೇಲಿನ ನಕ್ಷತ್ರಕ್ಕೆ ಬಟ್ಟೆ ಮುಚ್ಚಿರುತ್ತಾರೆ, ಅದನ್ನು ಅಪ್ಪ ಅವ್ವ ಬಂದು ತೆಗೆಯಬೇಕು, ಒಂದು ಹೆಗಲಿಗೆ ಒಬ್ಬರು ಎಂದು ಅಕ್ಕ ಹೇಳುತ್ತಿದ್ದರೆ, ಅಪ್ಪ ಪಕ್ಕದಲ್ಲೇ ಕೂತು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದ. "ಫ್ಯಾಕ್ಟ್ರೀಲಿ ರಜ ಕೊಡ್ಲಿಲ್ಲ ಕಣಕ್ಕ. ಅಪ್ಪ ಬರ್ದೆ ಅವ್ವ ಒಬ್ಳೇ ಎಂಗ್ ಬಂದಾಳು" ಎಂದಿದ್ದಳು ಲತಾಮಣಿ. ಆ ಕಡೆಯಿಂದ ಫೋನು ಕಟ್ಟಾಗಿತ್ತು.

ಬೀದಿಯ ತುದಿಯಲ್ಲಿ ಆಟೋ ನಿಂತಿತು. ಎದುರುಮನೆ ಮಾರಕ್ಕ ಮೊರ ಕೆಳಗಿಟ್ಟು ಎದ್ದಳು.

"ಅಯ್ಯ ನನ್ನವ್ವ, ಯಾರೋ ಪೋಲೀಸು ಬಂದ ಅಂತ ಎದೆ ಒಡ್ಕಂಡೆ! ಪ್ರತಿಮಾ ಏನೇ ನೀನು?"

"ನಾನೇ ಕಣ್ ಮಾರಕ್ಕ. ಯಾಕೆ, ಮನೇಲಿ ಕದ್ದಿದ್ ಮಾಲ್ ಮಡ್ಗಿದ್ಯಾ?"

"ಮಡ್ಗಿವ್ನಿ, ಬಾ, ನಿಮ್ಮವ್ವನ್ ಹೊಲದ ಅವರೇಕಾಯಿ!"

ಬೀದಿಯೆಲ್ಲ ನಕ್ಕಿತು. ಪ್ರತಿಮಾ ನಗುನಗುತ್ತಲೇ ಅಂಗಳಕ್ಕೆ ಬಂದಳು. ಹಸಿರು ಸಮವಸ್ತ್ರ, ಹೆಗಲ ಮೇಲೆ ಎರಡೆರಡು ನಕ್ಷತ್ರ. ಅಪ್ಪನನ್ನು ಕಂಡದ್ದೇ ಅವಳ ನಗು ನಿಂತಿತು. ತಗ್ಗಿನ ಸೂರಿಗೆ ತಾಗುತ್ತದೆಂದು ಟೋಪಿ ತೆಗೆದು, ತಂಗಿಯ ಮುಖವನ್ನೂ ನೋಡದೆ ಅವಳ ಕೈಗಿತ್ತು, ಜಗಲಿ ಹತ್ತಿದಳು.

"ಏನ್ ಸೆಕ್ಯೂರಿಟಿ ಸಾಹೇಬ್ರು, ಇವತ್ತಾದ್ರೂ ರಜ ಸಿಕ್ತಾ?"

ಲಕ್ಷ್ಮಯ್ಯ ಅವಳ ಹೆಗಲನ್ನೇ ನೋಡುತ್ತಿದ್ದ.

"ಒಸಿ ಕೂತ್ಕೊಳವ್ವ, ಕಾಪಿ..." ಎಂದಳು ಮಾಯಮ್ಮ.

"ಕಾಪಿ ಬ್ಯಾಡ. ನನ್ ನಕ್ಷತ್ರದ್ ಬಟ್ಟೆ ತೆಗ್ದೋರು ಯಾರು ಗೊತ್ತಾ ನಿಂಗೆ? ಯಾರೋ ಪಂಜಾಬಿನ್ ಗಂಡ ಹೆಂಡ್ತಿ. ಅವ್ರ ಮಗಂಗೆ ಮುಗ್ಸಿ, ನಾನ್ ಒಬ್ಳೇ ನಿಂತಿರೋದ್ ನೋಡಿ ಅಯ್ಯೋ ಪಾಪ ಅಂತ ಬಂದ್ರು. ವರ್ಷ ಪೂರ್ತಿ ಬೈದು ಪರೇಡ್ ಕಲ್ಸಿದ್ ಉಸ್ತಾದ್ ಕೂಡ ಬಂದು ಸಲ್ಯೂಟ್ ಹೊಡ್ದು ಮೇಡಂ ಅಂದ. ಅಪ್ಪ ಬರ್ಲಿಲ್ಲ. ಗೇಟ್ ಕಾಯೋದು ನನ್ಗಿಂತ ಎಚ್ಚಾಯ್ತೇನಪ್ಪ? ಮಾತಾಡು. ಬಾಯಿಲ್ವಾ?"

"ಅಕ್ಕಾ..." ಎಂದಳು ಲತಾಮಣಿ. ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

ಅಪ್ಪ ಎಡಗೈಯನ್ನು ಕುರ್ಚಿಗೆ ಊರಿ ಮೇಲೆದ್ದ. ಇಷ್ಟು ತಿಂಗಳಲ್ಲಿ ಯಾರ ಆಸರೆಯೂ ಇಲ್ಲದೆ ಅವನು ಎದ್ದದ್ದನ್ನು ಲತಾಮಣಿ ಕಂಡಿರಲಿಲ್ಲ. ಟವೆಲ್ಲು ಜಾರಿತು. ಚೆಂಡು ಟಕ್ಕೆಂದು ಬಿದ್ದು, ಜಗಲಿಯಿಂದ ಉರುಳಿ, ಮೆಟ್ಟಿಲು ಮೆಟ್ಟಿಲು ಇಳಿದು ಅಂಗಳದಲ್ಲಿ ನಿಂತಿತು. ಪ್ರತಿಮಾ ಚೆಂಡನ್ನು ನೋಡಿದಳು. ಆಮೇಲೆ ಅಪ್ಪನ ಕೈ ನೋಡಿದಳು. ಅದು ಹೆಗಲಿನಿಂದ ಒದ್ದೆ ಬಟ್ಟೆಯ ಹಾಗೆ ನೇತಾಡುತ್ತಿತ್ತು. ಆಮೇಲೆ, ಈಗಷ್ಟೇ ಕಂಡವಳಂತೆ, ಅವನ ಓರೆಯಾದ ಬಾಯಿ ನೋಡಿದಳು.

ಅಪ್ಪ ಬೂಟುಗಳನ್ನು ಜೋಡಿಸಿದ. ಬಲಗಾಲು ಎಳೆದುಕೊಂಡು ತಡವಾಗಿ ಬಂದು ಎಡಗಾಲಿಗೆ ಸೇರಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದ. ಬಾವಿಯಿಂದ ತುಂಬಿದ ಕೊಡ ಸೇದುವವನ ಹಾಗೆ ಮೇಲೆತ್ತಿದ. ಎದೆಯವರೆಗೆ, ಗದ್ದದವರೆಗೆ, ಹುಬ್ಬಿನವರೆಗೆ. ಸೊಟ್ಟ ಬೆರಳುಗಳು ಟೋಪಿಯ ಅಂಚಿಗೆ ತಾಗಿದವು. ಮಣಿಕಟ್ಟು ಬಿಡದೆ ಅಲ್ಲೇ ಒತ್ತಿ ಹಿಡಿದು ನಿಂತ.

"ಮೇ... ಮೇಡಂ" ಎಂದ.

ಮಾಯಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಪ್ರತಿಮಾ ಕಂಬದ ಹಾಗೆ ನಿಂತುಬಿಟ್ಟಿದ್ದಳು. ಎರಡು ಕೈಗಳೂ ಪಕ್ಕದಲ್ಲೇ ಮರಗಟ್ಟಿದ್ದವು.

ಅಪ್ಪ ಕಾಯುತ್ತಿದ್ದ. ಎತ್ತಿ ಹಿಡಿದ ಎಡಗೈ ಮೊದಲು ನಡುಗಿತು, ಆಮೇಲೆ ಹೆಗಲು, ಆಮೇಲೆ ಎದೆಯ ಮೇಲಿನ ಪದಕಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಕೆನ್ನೆಯ ಮೇಲೆ ಬೆವರು ಇಳಿಯಿತು. ಕೈ ಮಾತ್ರ ಇಳಿಯಲಿಲ್ಲ. ಇಳಿಯುವುದಿಲ್ಲವೆಂದು ಲತಾಮಣಿಗೆ ಗೊತ್ತಿತ್ತು. ಸೀಬೆಗಿಡದ ಕೆಳಗೆ ನಿಂತಿದ್ದವಳು ಅವಳೇ ಅಲ್ಲವೇ.

ಅವಳು ಎರಡು ಹೆಜ್ಜೆ ಮುಂದೆ ಬಂದು, ಕೈಯಲ್ಲಿದ್ದ ಟೋಪಿಯನ್ನು ಅಕ್ಕನ ಮುಂದೆ ಹಿಡಿದಳು.

"ಅಕ್ಕಾ, ಟೋಪಿ ಆಕ್ಕೊಳಕ್ಕಾ."